ಪುಟ ಇನ್ನೂರ ಹನ್ನೊಂದರ ಅಂಚಿನಲ್ಲಿ

ತಂಗಿಯ ಮಗಳು ಸಬ್ಲೆ ಅಡಿಸ್ ಅಬಾಬಾದಿಂದ ತಂದ ಕಾದಂಬರಿ.
ಬೆನ್ನಿಗೆ ಅವನ ಪಟ: ತಲೆಯಲ್ಲಿ ಒಂದು ಕೂದಲಿಲ್ಲ,
ಹಿಂದೆ ಸ್ವೀಡನ್ನಿನ ಹಿಮ, ಹೆಗಲಿಗೆ ನಮ್ಮ ಕಡೆಯ ಬಿಳಿ ಶಾಲು.
"ಓದು ದೊಡ್ಡಮ್ಮ, ನಿಮ್ಮ ದಿರೆ ದಾವಾದ ಕಥೆಯಂತೆ" ಅಂದಳು.
ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ ಇದು,
ಪೆನ್ಸಿಲ್ ಹಿಡಿಯದೆ ಓದಲು ಬರುವುದಿಲ್ಲ.

ಹದಿನೇಳನೆಯ ಪುಟ: ನನಗೆ ಫಾನಾಯೆ ಅಂತ ಹೆಸರು.
ಇರಲಿ. ಮೂಗು ತುಸು ಉದ್ದ ಮಾಡಿದ್ದಾನೆ, ಇರಲಿ.
ಆದರೆ ನಾವು ಮೊದಲು ಮಾತಾಡಿದ್ದು ಚರ್ಚಿನ ಅಂಗಳದಲ್ಲಲ್ಲ,
ರೈಲ್ವೆ ಕಾರ್ಖಾನೆಯ ಹಿಂದೆ, ನಿನ್ನಪ್ಪನ ಕುಲುಮೆಯ ಹತ್ತಿರ,
ನಮ್ಮ ಮನೆಯ ಕತ್ತರಿ ಸಾಣೆಗೆ ತಂದಾಗ.
ಕಮ್ಮಾರನ ಮಗ. ಅದನ್ನು ಯಾಕೆ ಮುಚ್ಚಿಟ್ಟೆ, ಬೆಲಾಚೆವ್?
"ಬಡ ಗುಮಾಸ್ತನ ಮಗ" ಎಂದು ಬರೆದಿದ್ದೀಯ.
ಗುಮಾಸ್ತನ ಮಗನಿಗೆ ನನ್ನಪ್ಪ ಒಂದು ಲೋಟ ಕಾಫಿಯನ್ನಾದರೂ ಕೊಡುತ್ತಿದ್ದ.

ಕಮ್ಮಾರನ ಕಣ್ಣು ಬಿದ್ದರೆ ಕೂಸಿನ ಕರುಳು ಕರಗುತ್ತದೆ,
ಕತ್ತಲಾದ ಮೇಲೆ ಅವರು ಕತ್ತೆಕಿರುಬವಾಗಿ ತಿರುಗುತ್ತಾರೆ –
ಇದನ್ನು ನಂಬಿದ ಮನೆ ನಮ್ಮದು.
ಏಳು ತಲೆಮಾರು ಬೆರಳು ಮಡಿಸಿ ಎಣಿಸಿ
ಎಂಟನೆಯದಕ್ಕೆ ಅಪ್ಪ ಮುಷ್ಟಿ ಕಟ್ಟುತ್ತಿದ್ದ.

ಆಮೇಲೆ ಬಂತಲ್ಲ ಕ್ರಾಂತಿ.
ರೇಡಿಯೋದಲ್ಲಿ ಕೂಗಿದರು: ಇನ್ನು ಒಡೆಯನಿಲ್ಲ, ಒಕ್ಕಲಿಲ್ಲ,
ಕಮ್ಮಾರನ ಕೈಯೂ ಕೈಯೇ.
ಅಪ್ಪನ ಆರು ಬಾಡಿಗೆ ಮನೆಗಳ ಬೀಗದ ಕೈ
ಕೆಬೆಲೆ ಕಚೇರಿಯ ಮೇಜಿಗೆ ಹೋಯಿತು.
ಆ ರಾತ್ರಿ ನಾನು ನಕ್ಕೆ, ದಿಂಬಿಗೆ ಬಾಯಿ ಒತ್ತಿ.
ಇದು ನಿನ್ನ ಪುಸ್ತಕದಲ್ಲಿಲ್ಲ; ನಿನಗೆ ಹೇಳಿರಲಿಲ್ಲ.
ಅಪ್ಪ ಅಳುವಾಗ ನಕ್ಕ ಮಗಳು.
ಅಂಚಿನಲ್ಲಿ ಬರೆದೆ. ರಬ್ಬರಿನಿಂದ ಅಳಿಸಿದೆ.

ಎರಡೇ ವರ್ಷ.
ನಮ್ಮನ್ನು ಸಮ ಮಾಡಿದ ಕೈಯೇ ನಿನ್ನ ಹೆಸರನ್ನು ಪಟ್ಟಿಗೆ ಸೇರಿಸಿತು:
ಬಣ್ಣ ಅದೇ ಕೆಂಪು, ಬಣ ಬೇರೆ.
ಬೆಳಗ್ಗೆ ಹಾಲಿಗೆ ಹೋದವರು
ದೆಚಾತು ಹೊಳೆಯ ಒಣ ಮರಳಿನಲ್ಲಿ ಹುಡುಗರನ್ನು ಕಂಡು
ಖಾಲಿ ತಂಬಿಗೆಯಲ್ಲಿ ಮರಳುತ್ತಿದ್ದರು.
ಎದೆಯ ಮೇಲೆ ಚೀಟಿ. ಚೀಟಿಯಲ್ಲಿ ಕಾಗುಣಿತದ ತಪ್ಪು.

ಪುಟ ಇನ್ನೂರ ಹನ್ನೊಂದು.
ಜಿಬೂಟಿಯ ರೈಲು, ಬೆಳಗಿನ ಜಾವ.
"ಅವಳು ಬರಲಿಲ್ಲ. ಅಪ್ಪ ಬಾಗಿಲಿಗೆ ಬೀಗ ಹಾಕಿದ್ದ.
ಅಥವಾ ಅವಳೇ ಹಾಕಿಕೊಂಡಿದ್ದಳು."
ಎಷ್ಟು ಚೆಂದದ ಸಾಲು! ಎಷ್ಟು ಜನ ಅತ್ತಿರಬೇಕು ಇದಕ್ಕೆ.

ಬಂದಿದ್ದೆ, ಮಾರಾಯ.
ನೀರಿನ ತೊಟ್ಟಿಯ ಕಬ್ಬಿಣದ ಕಾಲಿನ ಹಿಂದೆ ನಿಂತಿದ್ದೆ,
ಗಂಟಿನಲ್ಲಿ ಎರಡು ಬಟ್ಟೆ, ಅಮ್ಮನ ಬೆಳ್ಳಿ ಶಿಲುಬೆ, ಹುರಿದ ಬಾರ್ಲಿ.
ಬೀಗ ಇದ್ದದ್ದು ನಿಜ. ತೆಗೆದದ್ದು ಅಪ್ಪ.
ತೆಗೆದು, ದೀಪ ಆರಿಸಿ, ಗೋಡೆಗೆ ಮುಖ ಮಾಡಿ ಮಲಗಿದ.
ಯಾಕೆಂದು ಅವನು ಹೇಳಲಿಲ್ಲ, ಸಾಯುವತನಕ ನಾನೂ ಕೇಳಲಿಲ್ಲ.

ನೀನು ಮೂರನೆಯ ದರ್ಜೆಯ ಡಬ್ಬಿಯ ಮೆಟ್ಟಿಲ ಮೇಲೆ,
ಮೇಕೆ ವ್ಯಾಪಾರಿಯ ರುಮಾಲು ಸುತ್ತಿ, ಎಡ ಬಲ ನೋಡುತ್ತ.
ಬಂದೂಕಿನವರಿಬ್ಬರು ಡಬ್ಬಿಯಿಂದ ಡಬ್ಬಿಗೆ.
ನಿನ್ನ ಮುಖ ಅವರಿಗೆ ಗೊತ್ತಿರಲಿಲ್ಲ.
ನನ್ನದು ಗೊತ್ತಿತ್ತು: ಕಮ್ಮಾರನ ಮಗನ ಹುಡುಗಿ.
ನಾನು ಯಾರ ಕಡೆ ನಡೆಯುತ್ತೇನೋ ಅವನೇ ನೀನು.

ನಡೆಯಲಿಲ್ಲ.
ಬಾರ್ಲಿ ಬಾಯಿತುಂಬ ತುಂಬಿಕೊಂಡು ನಿಂತೆ,
ರೈಲಿನ ಕೊನೆಯ ದೀಪ ಸಾಸಿವೆಯಷ್ಟಾಗುವವರೆಗೂ ಜಗಿದೆ.

ಸಬ್ಲೆ ಕೆಂಡಕ್ಕೆ ಧೂಪ ಹಾಕಿ ಕಾಫಿ ಬಗ್ಗಿಸುತ್ತಾಳೆ.
"ಹೇಗಿದೆ, ದೊಡ್ಡಮ್ಮ?"
"ಅಲ್ಲಲ್ಲಿ ಕರಡು ತಪ್ಪಿದೆ."

"ಬರಲಿಲ್ಲ" ಎಂಬುದರ ಮೇಲೆ ಗೀಟೆಳೆದೆ.
ಸ್ವಲ್ಪ ಹೊತ್ತು ಬಿಟ್ಟು ಅದರಡಿಗೆ ಸಾಲಾಗಿ ಚುಕ್ಕೆ ಇಟ್ಟೆ.
ನಮ್ಮ ಕಸುಬಿನಲ್ಲಿ ಅದಕ್ಕೆ ಅರ್ಥ:
ಹೊಡೆದುಹಾಕಿದ್ದು ತಪ್ಪಾಯಿತು, ಇದ್ದದ್ದು ಇದ್ದ ಹಾಗೇ ಇರಲಿ.

ಮೂರನೆಯ ಸುತ್ತಿನ ಕಾಫಿ ನೀರಾಗಿತ್ತು.
ಕುಡಿದೆ.