ಮ್ಯಾಲಿನ ಎರಡು ಖೋಲಿ

ಬಣ್ಣ ಇನ್ನಾ ಹಸಿ ಅದ, ಮಹಾನಂದಾ,
ಗ್ವಾಡಿಗಿ ಒರಗಬ್ಯಾಡ. ಇಲ್ಲೇ ಪಾವಟಿಗಿ ಮ್ಯಾಲ ಕೂಡು.
ಕೀಲಿಕೈ ಎರಡು ಮಾಡಿಸಿದ್ದು ಛಲೋ ಆತು.
ಒಂದು ಬಂದವರಿಗಿ ಕೊಡು.
ಇನ್ನೊಂದು ಸೆರಗಿಗಿ ಕಟ್ಟಬ್ಯಾಡ,
ಹಿಟ್ಟಿನ ಡಬ್ಬಿ ತಳದಾಗ ಇಡು.
ತಗೀಲಿಕ್ಕಿ ಹೋದ್ರ ಮೊಳಕೈ ತನಕ ಹಿಟ್ಟು ಮೆತ್ತಬೇಕು,
ಅಷ್ಟರಾಗ ಬುದ್ಧಿ ಬರ್ತಾದ:
ಅದು ಈಗ ಅವರ ಮನಿ.

ಬ್ರಹ್ಮಪುರದಾಗಿನ ಮೂರು ಖೋಲಿ
ಇಪ್ಪತ್ತಾರು ವರ್ಷ ನನಗ ರೊಟ್ಟಿ ಹಾಕ್ಯಾವ,
ಅದಕ್ಕ ಹೇಳ್ತೀನಿ.

ಹನ್ನೆರಡು ತಿಂಗಳಿಗಿ ಹನ್ನೆರಡು ಬಾಡಿಗಿ ಅಂತ
ಕ್ಯಾಲೆಂಡರಿನ ಹಿಂದ ಪೆನ್ಸಿಲ್ ಹಿಡಿದು ಕೂಡಿಸೀಯಲ್ಲ, ಅಳಿಸು.
ಹತ್ತು ಹಿಡಿ.
ಒಂದು ತಿಂಗಳು ಖಾಲಿ ಬೀಳ್ತಾದ,
ಇನ್ನೊಂದು ಬೋರಿನ ಮೋಟರು ತಿಂತಾದ.
ಕರಂಟಿನ ಮೀಟರು ಬ್ಯಾರೆ ಹಾಕ್ಸು,
ಜೆಸ್ಕಾಂ ಬಾಗಿಲಿಗಿ ಎಂಟು ಸಲ ಹೋದ್ರೂ ಚಿಂತಿಲ್ಲ.
ಒಂದೇ ಮೀಟರಿನ ಎರಡು ಸಂಸಾರ
ಒಂದೇ ತಾಟಿನಾಗ ಉಂಡಂಗ,
ಕಡೀಕಿ ಇಬ್ಬರೂ ಹಸದೇ ಏಳ್ತಾರ.

ಡಿಪಾಜಿಟ್ಟು ನಿಂದಲ್ಲ. ಕೇಳಿಸ್ತಾ?
ನಾ ಅದರಾಗ ಕಪಾಟು ತಂದಿದ್ದೆ, ಉದ್ದ ಕನ್ನಡಿದು.
ಯುನೂಸ್ ಸಾಬರಿಗಿ ಶಹಾಪುರಕ್ಕ ವರ್ಗ ಆತು,
ರೊಕ್ಕ ಕೇಳಿದ್ರು.
ಅದೇ ಕನ್ನಡ್ಯಾಗ ನನ್ನ ಮಾರಿ ನೋಡ್ಕೋತ
ಬಿಲ್ವಾರ ಕಳಚೀನಿ, ಅಡವಿಡ್ಲಿಕ್ಕಿ.

ಬ್ಯಾಸಗಿ ಮೊದಲ ಮಾಳಿಗಿಗಿ ಸುಣ್ಣ ಹೊಡಸು, ಎರಡು ಕೈ.
ನಮ್ಮ ಕಲಬುರಗಿ ಬಿಸಲು
ಮಾಲಕ ಯಾರು, ಕಿರಾಯದಾರ ಯಾರು ಕೇಳಂಗಿಲ್ಲ, ಖರೇ.
ಆದ್ರ ಮೊದಲ ಇಳಿಯೋದು ಮ್ಯಾಲಿನ ಖೋಲ್ಯಾಗ.
ಕೆಳಗ ಶಹಾಬಾದ್ ಫರ್ಸಿ ಮ್ಯಾಲ ತಣ್ಣಗ ಬಿದ್ಕೊಂಡು
'ಎಷ್ಟೊತ್ತು ಕೂಲರ್ ಹಚ್ಚತಾರ ನೋಡು' ಅನ್ನಬ್ಯಾಡ.

ನಿನ್ನೆ ನೋಡ್ಲಿಕ್ಕಿ ಬಂದಳಲ್ಲ, ಆ ನರ್ಸ್ ಹುಡುಗಿ,
ನೀ ಕೇಳಿದ ಮೊದಲ ಮಾತು ಯಾವುದು?
'ನೀವು ಯಾವ ಮಂದಿ?'
ನಾನೂ ಕೇಳ್ತಿದ್ದೆ. ಹಿಂಗೇ, ನಗಕೋತ,
ನೀರಿನ ಚರಿಗಿ ಕೈಯಾಗ ಹಿಡ್ಕೊಂಡು,
ಕೊಡಬೇಕೋ ಬ್ಯಾಡೋ ಅನ್ನಂಗ.
ಒಬ್ಬಾವ ಹೇಳಿದ: 'ಬಾಡಿಗಿ ಕೊಡೋ ಮಂದಿ ರೀ, ಬಾಯಿ.'
ಚಿಟಗುಪ್ಪದಾವ, ತುಕಾರಾಮ ಅಂತ,
ಛಾಪಖಾನಿಯಾಗ ಬೈಂಡಿಂಗ್ ಕೆಲಸ.
ನಾಚಿಕಿ ಬಂತು. ಖೋಲಿ ಕೊಟ್ಟೆ.

ತಿಂಗಳಿಗಿ ಆರು ನೂರು. ನಾಕು ವರ್ಷ
ಐದನೇ ತಾರೀಖು ದಾಟಲಿಲ್ಲ.
ಛಾಪಖಾನಿ ಮುಚ್ಚಿದ ಮ್ಯಾಲ ಒಂದು ತಿಂಗಳು ನಿಂತಿತು,
ಎರಡು, ಮೂರು, ನಾಕು.
ಕೂತು ಕೇಳಬೇಕಿತ್ತು: ಏನು ಮಾಡೂಣಪ್ಪ?
ಬಿಡು ಅನ್ನಬೇಕಿತ್ತು, ಇಲ್ಲಾ ಕಾಗದದ ಮ್ಯಾಲ
ಇಂಥಾ ದಿನ ಇಷ್ಟು ಅಂತ ಬರಸ್ಕೋಬೇಕಿತ್ತು.
ನಾ ಏನು ಮಾಡಿದೆ ಗೊತ್ತದ ಏನು?
ರಾತ್ರಿ ಹಿತ್ತಲದಾಗ ಹೋಗಿ
ಅವನ ನೀರಿನ ವಾಲು ತಿರುವಿದೆ.

ಮೂರು ದಿನ ಆ ಮನುಷ್ಯಾ ಒಂದು ಮಾತು ಆಡಲಿಲ್ಲ.
ನಾಕನೇ ಮುಂಜಾನಿ
ಖೋಲಿ ಕಸಾ ಹೊಡದಿತ್ತು,
ಕೀಲಿಕೈ ಹೊಸ್ತಿಲ ಮ್ಯಾಲ.

ವರ್ಷದ ಮ್ಯಾಲ ಮನಿಯಾರ್ಡರ್ ಬಂತು,
ಹನ್ನೊಂದು ನೂರಾ ನಲವತ್ತು.
ಕೆಳಗಿನ ಸಣ್ಣ ಜಾಗಾದಾಗ ದುಂಡಗ ಬರದಿದ್ದ:
'ಡಿಪಾಜಿಟ್ಟಿಗಿ ಎರಡು ತಿಂಗಳು ಮುಟ್ಟಿತು. ಉಳಿದ ಎರಡು ತಿಂಗಳದ್ದು ಕಳಿಸೀನಿ.
ನೀರಿಲ್ಲದ ಮೂರು ದಿನದ್ದು ಕಡದೀನಿ.'

ಬೆರಳ ಮ್ಯಾಲ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.
ಲೆಕ್ಕ ಸರಿ ಇತ್ತು, ಮಹಾನಂದಾ.
ತಪ್ಪಿದ್ದರ ಚಂದಿತ್ತು.

ಇರಲಿ. ಪ್ಲಂಬರ್ ನಾಳಿ ಬರ್ತಾನಂದಿ ಹೌದಲ್ಲ?
ಮ್ಯಾಲಿನ ವಾಲು ಮ್ಯಾಲೇ ಕೂಡಸು ಅನ್ನು,
ಬಾಗಿಲ ಒಳಗ, ನಿನ್ನ ಕೈಗಿ ನಿಲುಕದಂಗ.
ಪೈಪು ಹತ್ತು ಫೂಟು ಜಾಸ್ತಿ ಹೋಗ್ತಾದ, ಹೋಗಲಿ.

ಆ ಹುಡುಗಿಗಿ ಫೋನ್ ಹಚ್ಚು.
ಈಗ ಬ್ಯಾಡ.
ರಾತ್ರಿ ಪಾಳಿ ಮುಗಿಸಿ ಮಲಗಿರ್ತಾಳ.
ನಾಕು ಹೊಡೀಲಿ.