ಹನ್ನೊಂದು ರೂಪಾಯಿ

ಶಿವಮೊಗ್ಗ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ
ನನಗೆ ಎರಡು ಕೆಲಸ.
ಒಂದು, ಮೈಕು.
ಇನ್ನೊಂದು, ಕಂಡಕ್ಟರುಗಳು ತಂದು ಸುರಿವ
ಬೆವರು ಹಿಡಿದ ಚೀಟಿಗಳ ಲೆಕ್ಕ.

ಮೈಕಿಗೆ ಬಾಯಿ ಸಾಕು.
"ಆಯನೂರು, ರಿಪ್ಪನ್‌ಪೇಟೆ, ಹೊಸನಗರ..."
ನಾಲಿಗೆ ತಾನೇ ಹೋಗಿ ಬರುತ್ತದೆ,
ದಾರಿ ಗೊತ್ತಿರುವ ಎಮ್ಮೆ.

ಲೆಕ್ಕಕ್ಕೆ ಮಾತ್ರ ನಾನೇ ಹೋಗಬೇಕು.

ಇವತ್ತು ಶಿಕಾರಿಪುರದ ಟ್ರಿಪ್ಪಿನಲ್ಲಿ
ಹನ್ನೊಂದು ರೂಪಾಯಿ ತಾಳೆಯಾಗುತ್ತಿಲ್ಲ.
ಮೇಲಿಂದ ಕೂಡಿದೆ, ಕೆಳಗಿಂದ ಕೂಡಿದೆ.
ಕಣ್ಣು ಹದಿನೇಳರ ಹತ್ತಿರ ಬಂದದ್ದೇ
ಹೊಟ್ಟೆಯೊಳಗೊಂದು ಮುಷ್ಟಿ ಬಿಗಿಯಿತು.
ನಾಲ್ಕನೇ ಕ್ಲಾಸು. ಹದಿನೇಳೇಳ್ಲಿ ಎಂಬಲ್ಲಿ ನಿಂತುಹೋದ ಮಗ್ಗಿ.
ಧ್ವಜದ ಕಂಬದ ಬಳಿ, ಬಿಸಿಲಲ್ಲಿ, ಬೆಲ್ಲು ಹೊಡೆಯುವ ತನಕ.
ಅಷ್ಟರಲ್ಲಿ ಕೈ ಮೈಕಿನ ಗುಂಡಿಯ ಮೇಲಿತ್ತು.
ಒತ್ತಿದ್ದು ಯಾರೋ, ನಾನಂತೂ ಅಲ್ಲ:
"ಪ್ರಯಾಣಿಕರ ಗಮನಕ್ಕೆ, ಹೊಸನಗರ..."

ಹೊಸನಗರದ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು.
ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು
ಓಡೋಡಿ ಬಂದು, ಖಾಲಿ ಪ್ಲಾಟ್‌ಫಾರ್ಮು ನೋಡಿ
ಗಾಜಿನ ಕಡೆ ತಿರುಗಿದಳು. ಏನೂ ಅನ್ನಲಿಲ್ಲ.
ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತಳು.

ರಾತ್ರಿ ಪಾಳಿಯ ಠಾಕ್ರಾನಾಯ್ಕನದು ಉಲ್ಟಾ.
ಅವನಿಗೆ ಲೆಕ್ಕ ಅಂದರೆ ಕಬ್ಬಿನ ಗಿಣ್ಣು,
ಗಟ್ಟಿಯಾದಷ್ಟೂ ದವಡೆಗೆ ಖುಷಿ.
ಫೋನು ಹೊಡೆದುಕೊಂಡರೂ ಕೇಳುವುದಿಲ್ಲ.
ಕಳೆದ ಆಷಾಢದಲ್ಲಿ ಹರಿಹರದ ಬಸ್ಸು ಕೂಗಲೇ ಇಲ್ಲ,
ಅದು ಮೂರೇ ಜನರನ್ನು ಹೊತ್ತು ಹೋಯಿತು.
ಮೆಮೋ ಬಂತು. ಮೆಮೋದ ನಂಬರು ನೋಡಿ
"ಅಕ್ಕಾ, ಇದು ಒಂಬತ್ತರಿಂದ ಭಾಗ ಹೋಗ್ತತೆ" ಅಂದ.
ಬೇಜಾರಾಗಲ್ವಾ ನಾಯ್ಕ?
"ಆಗ್ತತೆ. ಲೆಕ್ಕ ಬಿಟ್ಟು ಏಳಾಕೆ."
ನನಗೋ, ಕೂರುವುದಕ್ಕೆ.
ಕುರ್ಚಿ ಒಂದೇ, ಹಗಲು ನನ್ನದು.

ಗಾಜಿನಾಚೆ ಆಕೆ ಇನ್ನೂ ಕೂತಿದ್ದಾಳೆ.
ಮುಂದಿನ ಹೊಸನಗರ ನಾಲ್ಕೂ ಐವತ್ತಕ್ಕೆ.
ಅಲ್ಲಿಯವರೆಗೆ ಕೂಗಲಿಕ್ಕೆ ಏನೂ ಇಲ್ಲ.
ಕೈಯನ್ನು ತೊಡೆಯಡಿ ಇಟ್ಟು ಅದರ ಮೇಲೆ ಕೂತೆ.
ಮುಷ್ಟಿ ಬಿಗಿಯಿತು. ಬಿಗೀಲಿ ಅಂದೆ.
ಎಷ್ಟು ಹೊತ್ತು ಬಿಗಿದೀತು?
ಗಡಿಯಾರ ನೋಡಿ ಬರೆದುಕೊಂಡೆ, ಇದೂ ಒಂದು ಟ್ರಿಪ್ಪೆಂಬಂತೆ:
ಹೊರಟದ್ದು ನಾಲ್ಕೂ ಹನ್ನೆರಡು.
ಹದಿನಾಲ್ಕಕ್ಕೆ ತುಸು ಸಡಿಲು.
ಹದಿನೈದಕ್ಕೆ
ಎಲ್ಲಿ ಇಳಿದುಹೋಯಿತೋ ಕಾಣಲಿಲ್ಲ.

ಆಮೇಲೆ ಬರೀ ಅಂಕಿಗಳಿದ್ದವು, ಕಂಡಕ್ಟರನ ಓರೆ ಬರಹ,
ಸವಳಂಗದಲ್ಲಿ ಹತ್ತಿದ ಹುಂಜವೊಂದರ ಲಗೇಜು ಚೀಟಿ,
ಇನ್ನೊಂದಕ್ಕೆ ಅಂಟಿಕೊಂಡು.
ಹುಂಜದ್ದು ಆರು ರೂಪಾಯಿ.
ಇನ್ನೈದು ಇಲ್ಲೇ ಎಲ್ಲೋ ಇದೆ,
ಇಲ್ಲೇ, ಈ ಹಾಳೆಯಲ್ಲೇ,

ಗಾಜಿನ ಮೇಲೆ ಟಕಟಕ. ಡ್ರೈವರು.
"ಮೇಡಂ, ನೀವು ಕೂಗ್ತೀರೋ, ನಾನೇ ಕೂಗ್ಲೋ?"
ನಾಲ್ಕೂ ಐವತ್ತಮೂರು!
ಏಳಲು, ನಾಯ್ಕನಾಣೆ, ಬೇಜಾರಾಯಿತು.
ಜೋಮು ಹಿಡಿದ ಕೈಯಿಂದಲೇ ಗುಂಡಿ ಒತ್ತಿದೆ.

ಆಕೆ ಆಗಲೇ ಬುಟ್ಟಿ ಹೊತ್ತು ನಿಂತಿದ್ದಳು,
ನನ್ನ ದನಿಗೆ ತಲೆಯೆತ್ತಲಿಲ್ಲ,
ಬಸ್ಸಿನ ಬೋರ್ಡನ್ನು
ಅಕ್ಷರ ಅಕ್ಷರವಾಗಿ ಓದಿಕೊಂಡು ಹತ್ತಿದಳು.