ಬಿಲ್ಲಿನ ಹಿಂದಿನ ಮಗ್ಗಲ

ಅಂದಾನೆಪ್ಪ ಸರ್,
ಏಳು ಕಾದಂಬರಿ ಹೊಲದು ಕಳಿಸೇನಿ.
ಒಂದಕ್ಕ ಅರವತ್ತರಂಗ ನಾಕನೂರಾ ಇಪ್ಪತ್ತು.
ಲೆಕ್ಕ ಮುಂದಿನ ಮಗ್ಗಲಕ್ಕೈತಿ.
ಇದು ಹಿಂದಿನ ಮಗ್ಗಲ. ಇದಕ್ಕ ರೊಕ್ಕ ಇಲ್ಲ.

ಹರದ ಹಾಳಿಗೆ ಪಟ್ಟಿ ಹಚ್ಚಾಕ ಕುಂತ್ರ
ಕಣ್ಣು ಸುಮ್ಮನಿರೂದಿಲ್ರಿ, ಓದತೈತಿ.
ಬೆನ್ನು ಬಿಚ್ಚಿ ಫಾರಂ ಬ್ಯಾರೆ ಮಾಡಿದಾಗ
ಒಂದೊಂದು ಕಥಿ ನಡಬರಕ ಸುರು ಆತು:
ಮದವಿ ಆದಮ್ಯಾಲ ಹೆಣ್ಣು ನೋಡಾಕ ಬಂದ್ರು,
ಸತ್ತಾಂವ ಎದ್ದು ಚಾ ಕುಡದ.
ಹಂಗ ಓದಿದ್ದ ಛಲೋ ಇತ್ತು.

ದಪ್ಪಂದು, ಹಸರ ಕ್ಯಾಲಿಕೊದ್ದು.
ಅದರಾಗಿನ ತಾಯಿ ಮುನ್ನೂರಾ ಹನ್ನೆರಡು ಪುಟ ಅಳತಾಳ,
ಒಂದು ಸಲಾನೂ ಮೂಗು ಒರಸಿಕೊಳ್ಳೂದಿಲ್ಲ.
ನಮ್ಮವ್ವ ಅತ್ತದ್ದು ನಾ ಕಂಡೇನಿ.
ನಡುವ ಎದ್ದು, ಹಾಲು ಉಕ್ಕೇತೇನು ನೋಡಿ,
ಒಲಿ ಸಣ್ಣ ಮಾಡಿ
ಬಂದು ಮತ್ತ ಕುಂತು ಅಳತಿದ್ಲು.
ಬರದಾವ್ರು ದೊಡ್ಡವ್ರಿದ್ದಾರು.
ಹಾಲಿನ ಗ್ಯಾನ ಇಲ್ಲ ಅವ್ರಿಗೆ.

ಸಣ್ಣದು, ರಟ್ಟಿನ ಮ್ಯಾಲ ಬಹುಮಾನದ ಮುದ್ರಿ ಇದ್ದದ್ದು.
ಎರಡು ಸಲ ಓದಿದೆ, ತಿಳೀಲಿಲ್ಲ.
ಒಬ್ಬ ಗಂಡಸು ಕಿಡಕ್ಯಾಗ ನಲವತ್ತು ಪುಟ ನಿಂತಾನ.
ನನ್ನ ಕಿಡಕ್ಯಾಗ ನಿಂತಿದ್ರ
ಬೇಟಗೇರಿ ಮಗ್ಗದ ಸಪ್ಪಳಾ ಕೇಳತಿತ್ತು,
ಹಗ್ಗದ ಮ್ಯಾಲ ಕೆಂಪು ನೂಲು ಒಣಗೂದು ಕಾಣತಿತ್ತು,
ಒಬ್ಬಾಕಿ ಎಮ್ಮಿ ಹೊಡಕೊಂಡು ದಾಟೂದರಾಗ
ಅವನ ದುಃಖ ಮುಗೀತಿತ್ತು.
ಆದ್ರ ಒಂದು ಸಾಲು ಐತಿ ಅದರಾಗ:
"ಬಾಗಿಲು ಹಾಕಿದ ಮೇಲೆ ಮನೆ ಯಾರನ್ನು ನೋಡುತ್ತದೆ?"
ಆ ಸಾಲಿನ ಕಾಲಾಗ ಎರಡು ರಾತ್ರಿ
ಅರ್ಧ ದಾರಿಯಿಂದ ತಿರಗಿ ಬಂದು
ಅಂಗಡಿ ಕೀಲಿ ಮುಟ್ಟಿ ನೋಡೇನಿ.

ಮೂರು ತುಂಡಾಗಿ ಬಂದಿತ್ತಲ್ಲ, ಅದು.
ಮಂದಿ ಎಲ್ಲಿ ನಿಂತು ಓದ್ಯಾರ ಅನ್ನೂದು
ಪುಸ್ತಕದ ಬೆನ್ನಿಗೆ ಗೊತ್ತಿರತೈತಿ.
ಟೇಬಲ್ ಮ್ಯಾಲ ಇಟ್ರ ತಾನ ಬಿಚ್ಚಿಕೊಂತು, ಎಂಬತ್ತೇಳನೇ ಪುಟ.
ನಾ ಮತ್ತೇನೋ ಅಂತ ತಿಳಕೊಂಡು
ಅಳಿಯಾ ಹೊರಗ ಹ್ವಾದಮ್ಯಾಲ ಓದಿದೆ.
ಏನಿಲ್ರಿ. ಮುಳಗುಂದ ನಾಕಾದಾಗ ಬಸ್ಸಿಗೆ ನಿಂತಾಗ
ಆಕಿ ಚಪ್ಪಲಿ ಉಂಗುಟಾ ಹರೀತೈತಿ,
ಆಂವ ಕುಂತು ಪಿನ್ನು ಚುಚ್ಚತಾನ.
ಅಷ್ಟ.
ಅರವತ್ತೊಂದರಾಗ ಅದೇನಿ ಸರ್,
ಕಾಲು ಹಿಂದಕ್ಕ ಜಗ್ಗಿಕೊಂಡೆ.

ನೀಲಿ ರಟ್ಟಿಂದರಾಗ ನಮ್ಮವರೊಬ್ಬಾಕಿ ಬರತಾಳ.
ಬಂದಾಗೊಮ್ಮೆ ಅತ್ತರಿನ ವಾಸನಿ,
ಬಾಯಿ ತಗದ್ರ ಮುರಕಲ ಕನ್ನಡ.
ನನ್ನ ಕೈ ಮೂಸಿ ನೋಡ್ರಿ:
ಮೈದಾಹಿಟ್ಟು, ಮೈಲುತುತ್ತ.
ಈ ಚೀಟಿ ಯಾವ ಭಾಷಾದಾಗೈತಿ
ಅದನ್ನೂ ನೋಡ್ರಿ.
ಸಿಟ್ಟು ಬಂದಿತ್ತು. ಆದ್ರೂ
ಎಲ್ಲಾಕಿಂತ ಹಗೂರ ಕೈಲೆ ಹೊಲದದ್ದು ಅದನ್ನ.
ಯಾಕ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ.

ಇನ್ನೆರಡರ ಬಗ್ಗೆ ಏನೂ ಇಲ್ಲ.
ಹೊಲಿಗಿ ಗಟ್ಟಿ ಐತಿ.

ಏಳನೇದು. ರಟ್ಟು ಇರಲಿಲ್ಲ, ಹೆಸರು ಇರಲಿಲ್ಲ,
ಕಡೀ ಫಾರಂ ಇರಲಿಲ್ಲ. ಹದಿನಾರು ಪುಟ.
ಹುಳಾ ತಿಂದ ತೂತು ಒಂದು
ಮೊದಲನೇ ಹಾಳಿಯಿಂದ ಸೀದಾ ಬಂದು
ಆಕಿ ರೈಲು ಇಳಿಯೂತನಕ ಐತಿ.
ಇಳದಾಳ. ಸಂಜಿ. ಪ್ಲಾಟ್‌ಫಾರಮ್ ಮ್ಯಾಲ
ಟ್ರಂಕು ಇಟಗೊಂಡು ನಿಂತಾಳ.
ಯಾರರ ಬರತಾರು, ಬರಲಿಕ್ಕಿಲ್ಲ.
ಅಲ್ಲಿಗೆ ದಾರ ಹರದೈತಿ.

ಒಬ್ಬರೂ ದೊಡ್ಡ ಮಾತು ಆಡೂದಿಲ್ಲ ಅದರಾಗ.
ಅಕ್ಕಿ ಆರಸತಾರ, ಪತ್ರ ಬರದು ಹಾಕದ ಇಡತಾರ,
ಹಾಲು ಉಕ್ಕತೈತಿ, ಒರಸತಾರ.
ಮೂರು ಸಲ ಓದೇನಿ. ಅದಕ್ಕ ಬಿಲ್ಲು ತಡಾ ಆತು.
ಬೆನ್ನಿನಾಗ ಹದಿನಾರು ಪುಟದಷ್ಟು ಜಾಗಾ ಬಿಟ್ಟೇನಿ,
ನಿಮ್ಮ ಕಪಾಟಿನ ಹಿಂದ ಎಲ್ಲೆರ ಬಿದ್ದಿದ್ರ ಕಳಿಸ್ರಿ,
ಹೊಲದ ಕೊಡತೇನಿ, ರೊಕ್ಕ ಬ್ಯಾಡ.

ನೀವು ಹರೇದಾಗ ಓದಿರತೀರಿ ಇದನ್ನ.
ಮುಂದೇನಾತು ಅಂತ ಹೇಳಬ್ಯಾಡ್ರಿ.
ಒಂದ ಹೇಳ್ರಿ, ಹುಡುಗನ ಕಡೆ ಚೀಟಿ ಕೊಟ್ಟು ಕಳಿಸಿದ್ರೂ ಸಾಕು:
ಟ್ರಂಕು ಯಾರು ಎತ್ತಿದ್ರು?

ಮಾಬುಬ್ಬಿ ನದಾಫ, ಬೈಂಡಿಂಗ್, ಬೇಟಗೇರಿ